ಅಜ್ಜ ಕಲಿಸಿದ ಒಂದೇ ಅಕ್ಷರ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ ಊರಂಚಿನ ಹಾರ್ನ್‌ಬಿಯ ಈ ವೃದ್ಧಾಶ್ರಮದಲ್ಲಿ ನರ್ಸಾಗಿ ನನಗಿದು ಏಳನೆಯ ವರ್ಷ. ಬೆಳಗ್ಗೆ ಏಳಕ್ಕೆ ಶುರು, ಮೂರೂವರೆಗೆ ಮನೆ ಎಂದು ರೋಸ್ಟರಿನಲ್ಲಿದೆ. ಅದೆಲ್ಲ ಕಾಗದದ ಮಾತು. ಸಂಜೆ ಒಬ್ಬರು ರಜೆ ಹಾಕಿದರೆ ಆ ಪಾಳಿಯೂ ನನ್ನ ತಲೆಗೇ. ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ಮೈಮುರಿದು ದುಡಿಯುವುದೆಂದರೆ ಹೆಮ್ಮೆಯಿತ್ತು. ಈಗ ಸೊಂಟ ಹಿಡಿದುಕೊಂಡರೆ ಮೂರು ದಿನ ಬಿಡುವುದಿಲ್ಲ. ಹೆಮ್ಮೆ ಯಾವಾಗಲೋ ಬಿಟ್ಟುಹೋಯಿತು.

ಅಜ್ಜ ಬಂದದ್ದು ಚಳಿಗಾಲದಲ್ಲಿ. ದಕ್ಷಿಣ ಚೀನಾದವರು, ಶಾಲೆಯಲ್ಲಿ ಹಳೆಯ ಗ್ರಂಥಗಳ ಪಾಠ ಹೇಳುತ್ತಿದ್ದ ಮೇಷ್ಟ್ರು. ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು, ನುಂಗುವುದು ಕಷ್ಟ. ಮಗಳು ಕ್ರೈಸ್ಟ್‌ಚರ್ಚ್‌ನಲ್ಲೇ ಇಂಜಿನಿಯರ್, ದಿನಾ ಸಂಜೆ ಕೆಲಸ ಮುಗಿಸಿ ಬರುತ್ತಿದ್ದಳು. ಮಾತಿಗಿಂತ ಬರಹ ಸುಲಭವೆಂದು ಅಜ್ಜನಿಗೊಂದು ಸಣ್ಣ ಬಿಳಿ ಹಲಗೆ ಕೊಟ್ಟಿದ್ದರು. ಎಡಗೈಯಲ್ಲಿ ಬರೆಯುತ್ತಿದ್ದರು. ನಾನು ಬಾಯಲ್ಲಿ ಅಂಕಲ್ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅಜ್ಜ.

ಒಂದು ಮಧ್ಯಾಹ್ನ ಗಂಜಿ ತಿನ್ನಿಸುತ್ತಿದ್ದಾಗ ಚಮಚ ತಡೆದು, ಹಲಗೆಯ ಮೇಲೆ 食 ಎಂದು ಬರೆದರು. ಅವರದು ಮುರುಕು ಇಂಗ್ಲಿಷು, ನನ್ನದು ಮೈಸೂರು ಇಂಗ್ಲಿಷು. ಇಲ್ಲಿ ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ಮೇಲೆ ಮುಚ್ಚಳ, ಕೆಳಗೆ ಅನ್ನದ ಪಾತ್ರೆ. ಉಣ್ಣು ಅಂತ ಅರ್ಥ. ಊಟ ಅಂತಲೂ ಹೌದು. ನಮ್ಮ ಕಡೆ ಸಿಕ್ ಅಂತೀವಿ. ಬೀಜಿಂಗಿನವರು ಶಿ ಅಂತಾರೆ. ಕೊನೆಯ ಕ್ ಕಳಕೊಂಡುಬಿಟ್ಟರು."

ಬಸ್ಸಿನಲ್ಲಿ ಕೊಡೆ ಮರೆತು ಬಂದವರನ್ನು ಬೈಯುವ ಹಾಗೆ ಹೇಳಿದರು. ಸಾವಿರ ವರ್ಷಕ್ಕೂ ಹಿಂದಿನವರು ಝಿಕ್ ಎನ್ನುತ್ತಿದ್ದರಂತೆ, ಪ್ರಾಸ ಹೊಂದಿಸಲು ಬರೆದಿಟ್ಟ ಹಳೆಯ ಕೋಶಗಳಿಂದ ಅದು ಗೊತ್ತಾಗುತ್ತದಂತೆ. ಅದಕ್ಕೂ ಹಿಂದೆ ಮ್ಲಕ್ ಅಂತೇನೋ ಇದ್ದಿರಬೇಕು, ಪಂಡಿತರ ಊಹೆ ಅಷ್ಟೇ, ಕೇಳಿದವರು ಯಾರೂ ಉಳಿದಿಲ್ಲ ಎಂದರು. ನಾನು "ಸಿಕ್ಕು" ಎಂದೆ. ಬಸ್ಸು, ಬ್ಯಾಂಕು ಎನ್ನುವ ನಾಲಿಗೆ, ಇನ್ನೇನಂದೀತು? ಅಜ್ಜ ಹಾಸಿಗೆ ತಟ್ಟಿ ನಕ್ಕರು. "ಕು ಬೇಡ! ಅಲ್ಲೇ ಬಾಗಿಲು ಹಾಕು!" ಆಮೇಲೆ ನನ್ನ ಕೈಯ ಚಮಚ ತೋರಿಸಿ, ಇದೂ ಅದೇ ಅಕ್ಷರ, ಆದರೆ ಆಗ ಸ್ವರ ಬದಲಿಸಿ ಬೇರೆ ಥರ ಓದಬೇಕು, ಇನ್ನೊಬ್ಬರಿಗೆ ತಿನ್ನಿಸುವುದು ಎಂದರು. ಉಣ್ಣು, ಉಣಿಸು. ನಮ್ಮಲ್ಲೂ ಹೀಗೇ ಅಂಕಲ್ ಎಂದಾಗ ಅವರಿಗಾದ ಸಂತೋಷ ನೋಡಬೇಕಿತ್ತು. ಅಷ್ಟು ಹೊತ್ತು ನನ್ನ ಸೊಂಟನೋವೂ ಮರೆತಿತ್ತು.

ವಸಂತ ಬರುವಷ್ಟರಲ್ಲಿ ಅಜ್ಜ ಊಟ ಬಿಟ್ಟರು. ಚಮಚ ತಂದರೆ ತುಟಿ ಬಿಗಿಯುತ್ತಿದ್ದರು. ಮೂಗಿಗೆ ನಳಿಕೆ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದರು. ಬಲವಂತ ಮಾಡಬೇಡಿ, ತಾನಾಗಿ ಕೇಳಿದರೆ ಮಾತ್ರ ತಕ್ಷಣ ಕೊಡಿ ಎಂದರು ಡಾಕ್ಟರು. ಮಗಳು ಬಂದವಳೇ, ಕೋಟು ಕೂಡ ಬಿಚ್ಚದೆ, "ಇವತ್ತು ಕೇಳಿದರಾ?" ಎನ್ನುತ್ತಿದ್ದಳು. ಆ ವಾರ ಸಂಜೆಯ ನರ್ಸು ರಜೆ, ಏಳರವರೆಗೂ ನಾನೇ ಇರುತ್ತಿದ್ದೆ. ಐದು ಸಂಜೆ ಇಲ್ಲ ಎಂದು ಹೇಳಿದೆ.

ಐದನೆಯ ಸಂಜೆ ಮನೆಗೆ ಹೋದಾಗ ಅಮ್ಮನ ಫೋನು. "ನಾಳೆ ಬೆಳಗ್ಗೆ ನಿಮ್ಮಲ್ಲಿ ಗ್ರಹಣವಂತೆ ಕಣೇ. ಮೈಸೂರಿಗೆ ಕಾಣಲ್ಲ, ನಮಗೇನೂ ದೋಷ ಇಲ್ಲ. ನಿಂಗಿದೆ. ಬಿಡೋವರೆಗೂ ಹನಿ ನೀರೂ ಬಾಯಿಗೆ ಹಾಕ್ಬೇಡ. ಯಾರಿಗೂ ಕೊಡಲೂಬೇಡ."

"ಅಮ್ಮಾ, ನನ್ ಕೆಲಸಾನೇ ಕೊಡೋದು."

"ಏನಾದ್ರೂ ಮಾಡ್ಕೋ ಹೋಗು. ಹೇಳೋದು ಹೇಳಿದೀನಿ."

ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಬೆಳಗ್ಗೆ ಕಾಫಿ ಕುಡಿಯದೆ ಹೊರಟೆ. ಸೂರ್ಯ ಹುಟ್ಟುವಾಗಲೇ ಅರ್ಧ ತಿಂದ ಹಾಗಿದ್ದ. ವಾರ್ಡಿನ ಕಿಟಕಿಗಳಲ್ಲಿ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಬೇರೆಯವರ ತಿಂಡಿಯನ್ನು ಕೇರ್‌ಗಿವರ್‌ಗಳೇ ಕೊಡುತ್ತಿದ್ದರು. ನುಂಗುವ ತೊಂದರೆಯಿಂದಾಗಿ ಅಜ್ಜನ ಹತ್ತಿರ ಮಾತ್ರ ನಾನೇ ಕೂರಬೇಕು. ಕೋಣೆಗೆ ಹೋದರೆ ಅಜ್ಜ ಎಚ್ಚರವಾಗಿದ್ದಾರೆ. ಹಲಗೆ ಎತ್ತಿ ತೋರಿಸಿದರು. ನಡುಗುವ ಗೆರೆಗಳಲ್ಲಿ, ಅದೇ ಅಕ್ಷರ.

ನನ್ನ ಕೈ ಗಂಜಿಯ ಬಟ್ಟಲಿಗೆ ಹೋಯಿತು. ಹೋಗಿ ನಿಂತಿತು. ಇಷ್ಟು ದಿನದ ಮೇಲೆ ಕೇಳುತ್ತಿದ್ದಾರೆ, ಮೊದಲ ತುತ್ತು ಗ್ರಹಣದಲ್ಲಿ ಬೇಡ, ಅವರಿಗೆ ಕೆಟ್ಟದಾಗುವುದು ಬೇಡ ಎನ್ನಿಸಿಬಿಟ್ಟಿತು. ನಮ್ಮಪ್ಪನಾಗಿದ್ದರೂ ಹಾಗೇ ಮಾಡುತ್ತಿದ್ದೆ. "ಅರ್ಧ ಗಂಟೆ, ಅಂಕಲ್" ಎಂದು ಕಿಟಕಿ ತೋರಿಸಿದೆ. ಅವರು ಹೊರಗೆ ನೋಡಿದರು. ಆ ಅಕ್ಷರದ ಪಕ್ಕದಲ್ಲಿ ಸೂರ್ಯ ಎಂಬುದನ್ನೂ ಬರೆದು, "ಗ್ರಹಣ. ಅದಕ್ಕೂ ಇದೇ ಅಕ್ಷರ" ಎಂದು ತೊದಲಿದರು. ಮೇಷ್ಟ್ರಲ್ಲವೇ, ಆ ಸ್ಥಿತಿಯಲ್ಲೂ ಪಾಠ. ಸರಿ, ಕಾಯುತ್ತೇನೆ ಎಂದು ತಲೆಯಾಡಿಸಿದರು.

ಹುಬ್ಬಳ್ಳಿಯ ಕೇರ್‌ಗಿವರ್ ಹುಡುಗಿ ಬಾಗಿಲಲ್ಲಿ ಇಣುಕಿದಳು. "ಅಕ್ಕಾ, ಅಜ್ಜಾರ ಗಂಜಿ ಹಂಗ ಐತಲ್ರೀ?"

"ಗ್ರಹಣ ಕಣೇ."

"ಅಯ್ಯ, ಚೀನಾದವ್ರಿಗೆ ಎಲ್ಲಿ ಗ್ರಹಣರೀ ಅಕ್ಕಾ!"

ನಾಚಿಕೆಯಿಂದ ಬಟ್ಟಲು ಬಿಸಿ ಮಾಡಲು ಎದ್ದೆ. ಅಷ್ಟರಲ್ಲಿ ಮೂರನೇ ಕೋಣೆಯಲ್ಲಿ ಒಬ್ಬಾಕೆ ಬಿದ್ದರು, ತುರ್ತು ಗಂಟೆ ಬಡಿದುಕೊಂಡಿತು, ಓಡಿದೆ. ವಾಪಸು ಬಂದಾಗ ಹೊರಗೆ ಝಗಝಗ ಬಿಸಿಲು, ಅಜ್ಜನಿಗೆ ನಿದ್ದೆ. ಎಬ್ಬಿಸಿ ಚಮಚವನ್ನು ತುಟಿಗೆ ತಂದೆ. ಮುಖ ತಿರುಗಿಸಿದರು. ಮತ್ತೆ ಮತ್ತೆ ತಂದೆ. ಹಲಗೆ ಕೈಗಿಟ್ಟೆ. ಬರೆಯಲಿಲ್ಲ. ಫೈಲಿನಲ್ಲಿ "ಬೆಳಗಿನ ತಿಂಡಿ ನಿರಾಕರಿಸಿದರು" ಎಂದು ನಾನೇ ಬರೆದೆ.

ಆ ಸಂಜೆ ಮಗಳು ಕೇಳಿದಾಗಲೂ ಇಲ್ಲ ಎಂದೆ. ನಾಲ್ಕು ದಿನಕ್ಕೆ ಅಜ್ಜ ಹೋದರು. ಎರಡು ತುತ್ತು ಗಂಜಿಯಿಂದ ಅವರು ಉಳಿಯುತ್ತಿರಲಿಲ್ಲ. ಯಾವ ಡಾಕ್ಟರೂ ಇದನ್ನೇ ಹೇಳುತ್ತಾರೆ, ನಾನೂ ನನಗೆ ದಿನಾ ಹೇಳಿಕೊಳ್ಳುತ್ತೇನೆ, ಹೇಳಿ ಹೇಳಿ ಸಾಕಾಗಿದೆ. ಸಾಮಾನು ಒಯ್ಯಲು ಬಂದ ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಪ್ಪನಿಗೆ ಕೊನೆಗೆ ಹಸಿವೇ ಇರಲಿಲ್ಲ. ಅದೊಂದೇ ನನಗೆ ಸಮಾಧಾನ," ಎಂದಳು. ನಾನು ಹೌದು ಎಂದೆ.