ಸಿಸ್ಟರಬಾಯಿಯ ಎರಡನೆಯ ಬ್ಯಾಟರಿ

ಅವರ ಬೆರಳ ತುದಿಗಳು ದುಂಡಗೆ ಉಬ್ಬಿದ್ದವು, ಉಗುರುಗಳು ಕೈಗಡಿಯಾರದ ಗಾಜಿನಂತೆ ಬಾಗಿದ್ದವು. ಹೆರಿಗೆ ಮಾಡಿಸಿ ಮಾಡಿಸಿ ಕೈ ಹಾಗಾಗಿದೆ ಎಂದೇ ನಾನು ನಂಬಿದ್ದೆ.

ಹುಲಗೂರಿನಲ್ಲಿ ಅವರನ್ನು ಎಲ್ಲರೂ ಸಿಸ್ಟರಬಾಯಿ ಎನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ನರ್ಸು. ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟದ ನನ್ನ ವಾರಿಗೆಯವರು ಕಡಿಮೆ. ಯಾರ ಹೆಸರೂ ಅವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ, ಹುಟ್ಟಿದ ರೀತಿ ಮಾತ್ರ ಉಳಿಯುತ್ತಿತ್ತು. ಒಬ್ಬನನ್ನು 'ಕೊಳ್ಳಾಗ ಹುರಿ ಸುತ್ಕೊಂಡಾಂವ' ಎಂದರೆ, ಇನ್ನೊಬ್ಬಳನ್ನು 'ಅಳಲಾರದಾಕಿ' ಎನ್ನುತ್ತಿದ್ದರು. ಶಿಗ್ಗಾಂವದ ಹೈವೇ ಪಕ್ಕದ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಬಂದಾಗಲೂ ಗಿರಾಕಿಗಳೆದುರಿಗೇ ಕೂಗುತ್ತಿದ್ದರು: "ಏ ಕಾಲ ಮುಂದ ಮಾಡಿ ಬಂದಾಂವಾ, ಅದೀಯೇನೋ?"

ನಿವೃತ್ತಿಯಾದ ಮೇಲೆ ಒಂದು ವ್ಯಾನು ಕೊಂಡರು. ಮದುವೆಯಾಗದ ಅವರಿಗೆ ತಮ್ಮನೇ ಮನೆಮಂದಿ, ತಮ್ಮನೇ ಡ್ರೈವರು. ಬಸುರಿಯರನ್ನೂ ಉಬ್ಬಸದವರನ್ನೂ ಹುಬ್ಬಳ್ಳಿಗೆ ಮುಟ್ಟಿಸುತ್ತಿದ್ದರು. ಹೋದ ವರ್ಷ ಆ ವ್ಯಾನಿನಲ್ಲಿ ಆಕ್ಸಿಜನ್ ಮಷಿನ್ ಕೂತಿತು. ಅದಕ್ಕೆಂದೇ ಹಿಂದೆ ಎರಡನೆಯ ಬ್ಯಾಟರಿ. ಎಲ್ಲವನ್ನೂ ಬೇರೆ ಊರಿನ ಯಾರೋ ಕಟ್ಟಿಕೊಟ್ಟಿದ್ದರು.

ಒಂದು ಬೆಳಿಗ್ಗೆ ವ್ಯಾನು ನನ್ನ ಅಂಗಡಿಯೆದುರು ನಿಂತಿತು.

"ಸವಣೂರ ದಾರ್ಯಾಗ ಮಷಿನ್ ಬಂದ್ ಬಿತ್ತಪಾ. ಬಂಡಿ ಓಡಾಕತ್ತಿತ್ತು, ಆದ್ರೂ ಹಿಂದಿನ ಬ್ಯಾಟ್ರಿ ಖಾಲಿ. ಹೆಂಗ?" ಎಂದರು.

ಮೀಟರ್ ಹಿಡಿದು ಜೊತೆಗೆ ಒಂದು ಸುತ್ತು ಹೋದೆ. ಕಾರಣ ಸಿಕ್ಕಿತು. ಹಳೆಯ ಬಂಡಿಗಳಲ್ಲಿ ಇಂಜಿನ್ ತಿರುಗುವಷ್ಟು ಹೊತ್ತೂ ಆಲ್ಟರ್ನೇಟರ್ ಒಂದೇ ಸಮನೆ ಕರೆಂಟು ಕೊಡುತ್ತದೆ. ಈ ಹೊಸ ಬಂಡಿಯದು ಸ್ಮಾರ್ಟ್ ಆಲ್ಟರ್ನೇಟರ್. ಮುಂದಿನ ಬ್ಯಾಟರಿ ತುಂಬಿತೆಂದರೆ, ಡೀಸೆಲ್ ಉಳಿಸಲು ತನ್ನ ವೋಲ್ಟೇಜನ್ನು ತಾನೇ ಇಳಿಸಿಕೊಳ್ಳುತ್ತದೆ. ಎರಡು ಬ್ಯಾಟರಿಗಳನ್ನು ಕೂಡಿಸಿ ಬಿಡಿಸಲು ನಡುವೆ ಹಾಕಿದ್ದ ರಿಲೇ ಎಂಬ ಸ್ವಿಚ್ಚಿಗೆ ಇದು ತಿಳಿಯದು. ವೋಲ್ಟೇಜ್ ಇಳಿದದ್ದೇ ತಡ, ಇಂಜಿನ್ ನಿಂತಿತೆಂದು ತಿಳಿದು ಸಂಪರ್ಕ ಕಡಿದುಬಿಡುತ್ತಿತ್ತು.

"ಹಂಗಾರ ಏನ ಮಾಡಬೇಕು?"

"ಬ್ಯಾರೆ ಚಾರ್ಜರ್ ಹಾಕಬೇಕ್ರಿ. ಎಷ್ಟ ಕಡಿಮಿ ಬಂದ್ರೂ ಏರಿಸಿ ಹಿಂದಿನ ಬ್ಯಾಟ್ರಿಗೆ ಕೊಡತೈತಿ."

ಅದನ್ನು ತರಿಸಿದೆ. ದಪ್ಪ ತಂತಿ ಎಳೆದೆ, ಎರಡೂ ಬ್ಯಾಟರಿಗಳ ಪಕ್ಕದಲ್ಲಿ ಫ್ಯೂಸು ಕೂರಿಸಿದೆ. ಮೈನಸ್ ತಂತಿಯನ್ನು ಮುಂದಿನ ಬ್ಯಾಟರಿಯ ತುದಿಗೆ ನೇರ ಕಟ್ಟಲಿಲ್ಲ. ಬ್ಯಾಟರಿ ಎಷ್ಟು ತುಂಬಿದೆಯೆಂದು ಅಳೆಯುವ ಅಲ್ಲಿನ ಸೆನ್ಸರಿನ ಲೆಕ್ಕ ತಪ್ಪುತ್ತದೆಂದು ಬಂಡಿಯ ಲೋಹದ ಮೈಗೆ ಜೋಡಿಸಿದೆ. ಇಗ್ನಿಷನ್ನಿನಿಂದ ಒಂದು ಸಣ್ಣ ತಂತಿ ತಂದು ಚಾರ್ಜರಿಗೆ ಸೇರಿಸಿದೆ. ಇಂಜಿನ್ ನಡೆಯುತ್ತಿದೆಯೋ ಇಲ್ಲವೋ ಎಂದು ಅದು ಇನ್ನು ವೋಲ್ಟೇಜ್ ನೋಡಿ ಊಹಿಸಬೇಕಾಗಿರಲಿಲ್ಲ.

ಪರೀಕ್ಷೆಗೆ ಬಂಕಾಪುರದ ಕಡೆ ಹೊರಟೆವು. ಬಾಯಿಯವರು ಹಿಂದೆ ಕುಳಿತು ಮಷಿನ್ನಿನ ನಳಿಗೆಯನ್ನು ತಮ್ಮ ಮೂಗಿಗೇ ಹಾಕಿಕೊಂಡರು. ನನಗೆ ನಗು ಬಂತು.

"ನಿಮಗ್ಯಾಕ್ರಿ ಅದು? ಮಷಿನ್ ನಡದ್ರ ಲೈಟ್ ತೋರಸ್ತೈತಿ."

"ಲೈಟಿಗೆ ಉಸುರು ಬ್ಯಾಕಾಗೂದಿಲ್ಲೋ. ನೀ ಮುಂದ ನೋಡು."

ಹೋಗಿ ಬರುವವರೆಗೂ ಮಷಿನ್ ನಿಲ್ಲಲಿಲ್ಲ. ಹಿಂತಿರುಗುವಾಗ ಚಹಾದಂಗಡಿಯ ಮುಂದೆ ನಿಲ್ಲಿಸಿದೆವು. ಬಾಯಿಯವರು ನಳಿಗೆ ತೆಗೆದಿಟ್ಟು ಇಳಿದರು. ಬಾಗಿಲಿನಿಂದ ಬೆಂಚಿನವರೆಗೂ ಹೋಗಲಾಗಲಿಲ್ಲ. ವ್ಯಾನಿನ ಮೈ ಹಿಡಿದು ಕುಸಿದರು. ತುಟಿಗಳು ನೇರಳೆಹಣ್ಣು ತಿಂದವರ ಹಾಗೆ ಕಪ್ಪಿಟ್ಟವು. ಅವರ ತಮ್ಮ "ಆಪಾ, ಆಪಾ" ಎಂದು ಅಕ್ಕನನ್ನು ಕರೆಯುತ್ತ ಓಡಿ ಬಂದು ಎತ್ತಿ ಕೂರಿಸಿ ಮೂಗಿಗೆ ನಳಿಗೆ ಸಿಕ್ಕಿಸಿದ. ನಾನು ಕೈಯಲ್ಲಿ ಚಹಾ ಹಿಡಿದು ಹಾಗೇ ನಿಂತಿದ್ದೆ.

ಬಣ್ಣ ತಿರುಗಿದ ಮೇಲೆ ಕೇಳಿದೆ: "ಸವಣೂರ ದಾರ್ಯಾಗ ಮಷಿನ್ ನಿಂತಾಗ ಹಿಂದ ಯಾರಿದ್ರ್ರಿ?"

"ನಾನ ಇದ್ನೆಪಾ."

ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬಂದು ಬಹಳ ದಿನವಾಗಿತ್ತು, ಬೆರಳ ತುದಿಗಳು ಉಬ್ಬಿದ್ದೂ ಅದರಿಂದಲೇ. ತಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಆ ದಿನ ಮಷಿನ್ ನಿಂತಾಗ ಗಾಬರಿಯಾಗಿ ಬಂಡಿಯನ್ನು ಜೋರಾಗಿ ಓಡಿಸಲು ಹೊರಟ ತಮ್ಮನನ್ನು ಗದರಿಸಿ, ಕಣ್ಣು ಮುಚ್ಚಿ ಅಲುಗದೆ ಕುಳಿತು ಮನೆ ಮುಟ್ಟಿದ್ದರಂತೆ. "ಹೆದರಿದ್ರ ಉಸುರು ಹೆಚ್ಚ ಖರ್ಚಾಗತೈತಿ" ಎಂದರು, ಹೆರಿಗೆ ಕೋಣೆಯಲ್ಲಿ ಹೇಳುವ ದನಿಯಲ್ಲಿ.

"ನನಗರ ಹೇಳಬೇಕಿತ್ತಲ್ರಿ ಬಾಯಾರ."

"ಹೇಳಿದ್ರ ನಿನ್ನ ಕೈ ನಡಗತಿದ್ವು. ತಂತಿ ನೆಟ್ಟಗ ಕಟ್ಟತಿದ್ದಿಲ್ಲ ನೀ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಹೇಳಿದಳು: "ನೀ ಹುಟ್ಟಿದಾಗ ನಿನ್ನ ಮೈಯೆಲ್ಲಾ ಹಂಗ ಕಪ್ಪಿಟ್ಟಿತ್ತು. ಆಕೀನ ನಿನ್ನ ಬಾಯಿಗೆ ಬಾಯಿ ಹಚ್ಚಿ ಉಸುರು ಊದಿದ್ಲು." ಈ ಮಾತನ್ನು ನನಗೆ ಅವ್ವನೂ ಹೇಳಿರಲಿಲ್ಲ, ಬಾಯಿಯವರೂ ಹೇಳಿರಲಿಲ್ಲ.

ಆ ಮಳೆಗಾಲವೆಲ್ಲ ವ್ಯಾನು ಓಡಾಡಿತು. ಅಂಗಡಿಯ ಮುಂದೆ ಹಾದುಹೋಗುವಾಗ ಅವರ ತಮ್ಮ ಹಾರ್ನ್ ಒತ್ತುತ್ತಿದ್ದ, ಕಿಟಕಿಯಿಂದ ಉಬ್ಬಿದ ಬೆರಳುಗಳ ಕೈಯೊಂದು ಏಳುತ್ತಿತ್ತು.

ಒಂದು ಮಧ್ಯಾಹ್ನ ಹಾರ್ನ್ ಕೇಳಲಿಲ್ಲ. ವ್ಯಾನು ಹುಬ್ಬಳ್ಳಿ ಕಡೆಯಿಂದ ಬಂದು ಸುಮ್ಮನೆ ನಿಂತಿತು. ಅವರ ತಮ್ಮ ಇಂಜಿನ್ ಆಫ್ ಮಾಡಿ ಸ್ಟಿಯರಿಂಗ್ ಹಿಡಿದೇ ಕುಳಿತ. ಹತ್ತಿರ ಹೋದೆ. ಹಿಂದಿನ ಸೀಟು ಖಾಲಿಯಿತ್ತು. ನಳಿಗೆ ಸೀಟಿನ ಮೇಲೆ ಬಿದ್ದಿತ್ತು. ಮಷಿನ್ ಮಾತ್ರ ಪುಸ್, ಪುಸ್ ಎಂದು ನಡೆದೇ ಇತ್ತು.

"ಆಪಾ ದಾರ್ಯಾಗ ಹ್ವಾದ್ಲು. ದವಾಖಾನಿ ಗೇಟ್ ಕಾಣಾಕತ್ತಿತ್ತು" ಎಂದ. "ಆಂಬುಲೆನ್ಸಿನ್ಯಾಗ ಹಿಂದ ತರಾಕತ್ತಾರ. ಸಂಜಿ ಅಸರ್ ನಮಾಜ್ ಆದ ಮ್ಯಾಲೆ ಮಣ್ಣು. ಬಾ."

ನಾನು ಮಷಿನ್ನಿನ ಕಡೆ ನೋಡಿದೆ.

"ಮಷಿನ್ ನಿಂದರಲಿಲ್ಲ," ಅವನೇ ಹೇಳಿದ, "ಕಡೀತನಕ ನಡೀತು. ಅಲ್ಲಿಂದ ಇಲ್ಲೀತನಕ ಹಂಗ ತಂದೇನಿ. ನೀನ ಬಂದ್ ಮಾಡಪಾ. ನನ್ನ ಕೈಲೆ ಆಗವಲ್ದು."

ಒಳಗೆ ಹತ್ತಿದೆ. ಕೈ ನಡುಗುತ್ತಿತ್ತು. ಸ್ವಿಚ್ ಒತ್ತಿದೆ. ಸದ್ದು ನಿಂತಿತು. ಅಲ್ಲಿಯತನಕ ಅಳದಿದ್ದ ಅವರ ತಮ್ಮ ಆಗ ಸ್ಟಿಯರಿಂಗಿಗೆ ಹಣೆ ಹಚ್ಚಿದ.