ಇಬ್ಬರ ಪಾಲಿಗೆ ಬಂದ ಒಂದು ಮುಖ

ನಾನು ಮತ್ತು ನನ್ನ ತಂಗಿ ಒಂದೇ ಬಸಿರಿನಲ್ಲಿ, ಒಂದೇ ಅಂಡ ಇಬ್ಭಾಗವಾಗಿ ಹುಟ್ಟಿದವರು. ಮೊದಲು ನಾನು, ಬೆನ್ನಿಗೇ ಅವಳು. ಶಹಾಪುರದ ನಮ್ಮ ಓಣಿಯಲ್ಲಿ ಯಾರು ಯಾರೆಂದು ಗುರುತು ಹಿಡಿಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಯಾರು ಸಿಕ್ಕರೆ ಅವಳಿಗೆ ಬೈಗುಳ, ಯಾರು ಸಿಕ್ಕರೆ ಅವಳ ಕೈಗೆ ಕೊಡ. ಅವಳು ಮಾಡಿದ ತಪ್ಪಿಗೆ ನಾನು ಪೆಟ್ಟು ತಿಂದಿದ್ದೇನೆ. ನನಗೆ ಬಂದ ಮಾರ್ಕ್ಸಿಗೆ ಅವಳ ಬೆನ್ನು ತಟ್ಟಿದ್ದಾರೆ. ಇದನ್ನು ಹೇಳಿದಾಗ ನಗುವವರೇ ಹೆಚ್ಚು. ನನಗೆ ಒಂದು ದಿನವೂ ನಗು ಬಂದಿಲ್ಲ.

ಹಿರಿತನದ ವಿಷಯದಲ್ಲಿ ಮಾತ್ರ ನಮ್ಮ ಮನೆಯವರು ಬಲು ಹುಷಾರಿನ ಜನ. ಕೆಲಸವಿದ್ದಾಗ ನಾನು ದೊಡ್ಡವಳು. ನೀರು ತರುವುದು, ರೊಟ್ಟಿ ಬಡಿಯುವುದು, ಇದ್ದೊಂದು ಹೊಸ ಅಂಗಿಯನ್ನು ತಂಗಿಗೆ ಬಿಟ್ಟುಕೊಡುವುದು, ಎಲ್ಲಾ ದೊಡ್ಡವಳ ಪಾಲು. ಎದುರಾಡಿದರೆ ನೀ ದೊಡ್ಡಾಕಿ ಅಲ್ಲೇನು ಎಂದು ಬಾಯಿ ಮುಚ್ಚಿಸುತ್ತಿದ್ದರು. ಕೆಲವೇ ನಿಮಿಷಗಳ ಹಿರಿತನಕ್ಕೆ ಇಷ್ಟೊಂದು ದಂಡ ಕಟ್ಟಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಆಮೇಲೆ ಸುರಪುರದಿಂದ ಸಂಬಂಧ ಬಂತು. ನಮ್ಮ ಮಂದಿಯೇ, ಬೀಜ ಗೊಬ್ಬರದ ಅಂಗಡಿಯವರು. ಹುಡುಗ ನೋಡಿಹೋಗಿದ್ದು ನನ್ನನ್ನು. ಕಲಬುರಗಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಓದು ಮುಗಿಯುವವರೆಗೆ ಮದುವೆ ಬೇಡ ಎಂದು ನಾನು ಹಟ ಹಿಡಿದೆ. ಬಂದ ಸಂಬಂಧ ಕೈಬಿಟ್ಟು ಹೋಗುತ್ತದಲ್ಲ ಎಂದು ಅಪ್ಪ ಒಂದು ದಿನ ಮಂಕಾಗಿ ಕೂತ. ಮರುದಿನ ಉಪಾಯ ಹೊಳೆಯಿತು: ಸಣ್ಣವಳನ್ನು ಕೊಟ್ಟರಾಯಿತು. ದೊಡ್ಡವಳು ಮನೆಯಲ್ಲಿರುವಾಗ ಸಣ್ಣವಳದು ಹೇಗೆ ಎಂದು ಅವ್ವ ಕೇಳಿದಳು. ಜೋಡಿ ಮಕ್ಕಳಲ್ಲಿ ದೊಡ್ಡವರು ಸಣ್ಣವರು ಎಲ್ಲಿಂದ ಬಂದರು ಎಂದ ಅಪ್ಪ. ಇಪ್ಪತ್ತು ವರ್ಷ ಹೊತ್ತ ನನ್ನ ಹಿರಿತನ ಅಷ್ಟು ಸಲೀಸಾಗಿ ಇಳಿದುಹೋಯಿತು.

ಸುರಪುರದವರಿಗೂ ತಕರಾರು ಇರಲಿಲ್ಲ. ಇನ್ನೊಮ್ಮೆ ಹೆಣ್ಣು ನೋಡಲು ಬರುತ್ತೀರೇನು ಎಂದು ಕೇಳಿ ಕಳಿಸಿದ್ದಕ್ಕೆ ಆ ಮನೆಯ ಹಿರಿಯರು, "ಮುಖ ಅದೇ ಅದಲ್ಲ, ಮತ್ತ ನೋಡೋದೇನದ?" ಎಂದರಂತೆ. ಹಿಡಿ ಕಾಳು ನೋಡಿ ಇಡೀ ಚೀಲಕ್ಕೆ ಬೆಲೆ ಕಟ್ಟುವ ವ್ಯಾಪಾರಿಗಳು ಅವರು. ಹೀಗೆ ಒಬ್ಬರೂ ಕಣ್ಣೆತ್ತಿ ನೋಡದೆ, ಒಂದು ಮಾತು ಕೇಳದೆ ನನ್ನ ತಂಗಿಯ ಮದುವೆ ನಿಶ್ಚಯವಾಯಿತು.

ನಾನು ಓದು ಮುಗಿಸಿ ಶಹಾಪುರದಲ್ಲೇ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸತೊಡಗಿದೆ. ನನ್ನ ಮದುವೆಯ ಮಾತು ತಾನಾಗಿಯೇ ಹಿಂದೆ ಬಿತ್ತು, ನಾನೂ ಅದನ್ನು ಎಳೆದು ತರಲಿಲ್ಲ. ತಂಗಿಗೆ ಒಬ್ಬಳೇ ಮಗಳು. ಭಾನುವಾರ ಬಂತೆಂದರೆ ನಾನು ಸುರಪುರದ ಬಸ್ಸು ಹತ್ತುತ್ತಿದ್ದೆ. ಆ ಹುಡುಗಿ ದೊಡ್ಡವ್ವಾ ಎಂದು ಕೂಗುತ್ತಾ ಬಾಗಿಲಿಗೆ ಓಡಿಬರುವುದನ್ನು ನೋಡಲಿಕ್ಕೆಂದೇ ವಾರವೆಲ್ಲ ಪಾಠ ಮಾಡುತ್ತಿದ್ದೆನೋ ಏನೋ. ಅವಳ ಮೇಲೆ ನನಗಿದ್ದ ಜೀವ ಬೇರೆ ಯಾರ ಮೇಲೂ ಇರಲಿಲ್ಲ, ಈಗಲೂ ಇಲ್ಲ.

ಅಂಥ ಒಂದು ಭಾನುವಾರ ತಾಯಿ ಮಗಳು ತಲೆಗೆ ತಲೆ ಕೊಟ್ಟು ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದರು. ದೂರದ ಯಾವುದೋ ಗ್ರಹಕ್ಕೆ ಹೊರಟ ಹಡಗು. ಅದರೊಳಗೆ ಸಾಲಾಗಿ ಗಾಜಿನ ತೊಟ್ಟಿಗಳು. ಒಬ್ಬಳೇ ಹೆಂಗಸಿನ ಜೀವಕೋಶದಿಂದ ತಯಾರಾದ ಅಕ್ಕತಂಗಿಯರು ಆ ತೊಟ್ಟಿಗಳಲ್ಲಿ ಮಲಗಿರುತ್ತಾರೆ. ಒಬ್ಬಳು ಎದ್ದು ಶತ್ರುಗಳ ಜೊತೆ ಕಾದಾಡುತ್ತಾಳೆ. ಅವಳು ಸತ್ತರೆ ಮುಂದಿನ ತೊಟ್ಟಿ ತೆರೆದುಕೊಂಡು ಇನ್ನೊಬ್ಬಳು ಬರುತ್ತಾಳೆ. ಅದೇ ಮುಖ, ಅದೇ ವಯಸ್ಸು, ಸತ್ತವಳ ನೆನಪೆಲ್ಲ ಇವಳ ತಲೆಯಲ್ಲಿ. ಅವಳು ಬಿಟ್ಟಲ್ಲಿಂದ ಇವಳು ಕೆಲಸ ಹಿಡಿಯುತ್ತಾಳೆ.

ಮಗಳು ನನ್ನ ಕಡೆ ತಿರುಗಿ ಇದು ಖರೇನೇ ಆಗ್ತದೇನು ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಜೀವಕೋಶದಿಂದ ಮಾಡಿದರೂ ಕೂಸಾಗಿಯೇ ಹುಟ್ಟಬೇಕು, ಇಪ್ಪತ್ತರ ಹೆಣ್ಣು ಧುತ್ತನೆ ತೊಟ್ಟಿಯಿಂದ ಏಳುವುದಿಲ್ಲ ಎಂದೆ. ನೆನಪು ಜೀನುಗಳಲ್ಲಿ ಕೂತಿರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಸುರಿಯಲು ಅದೇನು ಮಜ್ಜಿಗೆಯಲ್ಲ ಎಂದೆ. ನನ್ನದೂ ನಿಮ್ಮವ್ವನದೂ ಜೀನು ಒಂದೇ, ಆದರೂ ಬೆರಳಚ್ಚು ಬೇರೆ ಬೇರೆ, ಹೊಟ್ಟೆಯೊಳಗೆ ಮಲಗಿದ ಜಾಗದ ಫರಕಿಗೇ ಗೆರೆಗಳು ಬದಲಾಗುತ್ತವೆ ಎಂದು ನಮ್ಮಿಬ್ಬರ ಹೆಬ್ಬೆರಳು ಹಿಡಿದು ತೋರಿಸಿದೆ. ಈ ಆಟ ಮಾಡಿದವರು ನನ್ನ ಕ್ಲಾಸಿನಲ್ಲಿದ್ದಿದ್ದರೆ ಫೇಲು ಮಾಡುತ್ತಿದ್ದೆ ಎಂದೂ ಸೇರಿಸಿದೆ.

ಆಟ ಆಡಲು ಕೂತಿದ್ದೀಯೋ ಪೇಪರ್ ತಿದ್ದಲು ಕೂತಿದ್ದೀಯೋ ಎಂದು ತಂಗಿ ನನ್ನನ್ನು ಹಂಗಿಸಿದಳು. ನನ್ನ ವಿಜ್ಞಾನವೆಲ್ಲ ಅವಳಿಗೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ. ಆದರೆ ಮೊಬೈಲ್ ಕೆಳಗಿಟ್ಟು ಅವಳು ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಹಾಗೇ ಇದೆ.

"ನೀ ಹೇಳಿದ್ದೆಲ್ಲಾ ಹೋಗ್ಲಿ. ಒಬ್ಬಾಕಿ ಸತ್ತು ಬಿದ್ದಾಳ, ಇನ್ನೊಬ್ಬಾಕಿ ಆಕಿನ್ನ ದಾಟಿ ನಡದಾಳ. ಒಂದು ಹನಿ ಕಣ್ಣೀರು ಹಾಕಂಗಿಲ್ಲ. ಈ ಆಟದಾಗ ಸುಳ್ಳು ಅಂದ್ರ ಅದೊಂದ ನೋಡು."

ಅದಾಗಿ ಬಹಳ ದಿನವಾಗಿರಲಿಲ್ಲ. ಜ್ವರವೆಂದು ಮಲಗಿದ ತಂಗಿ ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಮಗಳಿಗೆ ಆಗಿನ್ನೂ ಹತ್ತು ವರ್ಷ.

ನಮ್ಮಲ್ಲಿ ಹೆಣವನ್ನು ಕೂಡಿಸುತ್ತಾರೆ. ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಅವಳನ್ನು ಕೂಡಿಸಿದ್ದರು. ಅವಳ ಪಕ್ಕದಲ್ಲಿ ನಾನು ಕೂತಿದ್ದೆ. ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಕೆಲವು ಹೆಂಗಸರು ಅವಳನ್ನು ಬಿಟ್ಟು ನನ್ನ ಗದ್ದ ಹಿಡಿದು, ಹ್ಯಾಂಗ ಹೋದ್ಯವ್ವಾ ಎಂದು ಅತ್ತರು. ನನ್ನ ತಂಗಿ ಸತ್ತಿದ್ದಾಳೆ, ನನಗೆ ಅಳಲು ಬಿಡಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ನನ್ನ ಮುಖವನ್ನು ಅವರ ಕೈಗೆ ಕೊಟ್ಟು ಕೂತೆ.

ತಿಂಗಳು ಕಳೆಯುವಷ್ಟರಲ್ಲಿ ಹಿರಿಯರು ಸುರಪುರದಲ್ಲಿ ಅವಳನ್ನು ಕೂಡಿಸಿದ್ದ ಅದೇ ಪಡಸಾಲೆಯಲ್ಲಿ ಸೇರಿದರು. ನನ್ನನ್ನೂ ಕರೆಸಿದರು. ಮಾತು ಸುತ್ತಿ ಬಳಸಿ ಬಂದು ನಿಂತಿದ್ದು ಒಂದೇ ಕಡೆ: ತಂಗಿಯ ಗಂಡನಿಗೆ ನನ್ನನ್ನು ಕೊಡುವುದು. ಬೇರೆ ಮನೆಯ ಹೆಣ್ಣು ತಂದರೆ ಮಗು ತಬ್ಬಲಿಯಾಗುತ್ತದೆ, ಇವಳಾದರೆ ತಾಯಿ ಸತ್ತಿದ್ದೇ ಮಗುವಿಗೆ ತಿಳಿಯುವುದಿಲ್ಲ ಎಂದರು. ಒಬ್ಬಳು ಹೋದರೆ ಇನ್ನೊಬ್ಬಳನ್ನು ತೊಟ್ಟಿಯಿಂದ ಎಬ್ಬಿಸಿ ಕಳಿಸುವ ಆ ಆಟಕ್ಕೂ ಈ ಪಂಚಾಯಿತಿಗೂ ಏನು ಫರಕು? ಆಟದವರಾದರೂ ನೆನಪು ತುಂಬಿ ಕಳಿಸುವಷ್ಟು ಮರ್ಯಾದೆ ಇಟ್ಟುಕೊಂಡಿದ್ದರು. ಇವರಿಗೆ ಅದೂ ಬೇಕಿರಲಿಲ್ಲ.

ಅಡ್ಡಿ ಒಂದೇ ಇತ್ತು. ಹೆಂಡತಿ ಸತ್ತರೆ ಅವಳ ತಂಗಿಯನ್ನು ತರಬಹುದು, ಅಕ್ಕನನ್ನು ತರುವಂತಿಲ್ಲ, ಅಕ್ಕ ತಾಯಿಯ ಸಮಾನ. ನಾನು ಅಕ್ಕ. ನನ್ನ ಹಿರಿತನ ಒಮ್ಮೆಯಾದರೂ ನನ್ನ ಕೈ ಹಿಡಿಯಿತು ಎಂದುಕೊಂಡೆ. ಆಗ ತಿಂಥಣಿಯಿಂದ ಬಂದಿದ್ದ ನಮ್ಮ ಸೋದರತ್ತೆ ಎಲೆಅಡಿಕೆ ಉಗುಳಿ ಬಂದು ಕೂತು ನ್ಯಾಯ ಹೇಳಿದಳು.

"ಬಸ್ಸಿಗೆ ಮೊದಲ ಹತ್ತಿದವ್ರು ಒಳಗ ಹೋಗಿ ಕೂಡ್ತಾರ. ಕಡೀಕ ಹತ್ತಿದವ್ರು ಬಾಗಲದಾಗ ನಿಂತಿರ್ತಾರ, ಮೊದಲ ಇಳೀತಾರ. ಹೊಟ್ಟ್ಯಾಗೂ ಹಂಗ. ಹಿಂದ ಹುಟ್ಟಿದಾಕಿನ ದೊಡ್ಡಾಕಿ. ಈಕಿ ಸಣ್ಣಾಕಿ."

ಎಲ್ಲರ ಮುಖವೂ ಅರಳಿತು. ಒಂದೇ ಅಂಡ ಒಡೆದು ಎರಡಾದದ್ದು, ಒಳಗೆ ಮೊದಲು ಹತ್ತಿದವರು ಆಮೇಲೆ ಹತ್ತಿದವರು ಎಂಬುದೇ ಇಲ್ಲ ಎಂದು ನಾನು ಬಿಡಿಸಿ ಹೇಳತೊಡಗಿದೆ. ಕಾಲೇಜಿನ ಮಾತು ಕಾಲೇಜಿನಲ್ಲೇ ಇಟ್ಟು ಬಾ ಎಂದು ಅಪ್ಪ ನನ್ನ ಬಾಯಿ ಮುಚ್ಚಿಸಿದ. ಕೆಲಸಕ್ಕೆ ದೊಡ್ಡವಳಾಗಿದ್ದೆ, ತಂಗಿಯ ಮದುವೆಗೆ ಸರಿಸಮಾನಳಾಗಿದ್ದೆ, ಈಗ ಅವಳ ಗಂಡನಿಗಾಗಿ ಸಣ್ಣವಳಾದೆ.

ಒಪ್ಪಿಬಿಡಲೇ ಎಂದು ನನಗೂ ಅನಿಸಿತ್ತು, ಸುಳ್ಳೇಕೆ ಹೇಳಲಿ. ಆ ಮಗುವಿಗಾಗಿ ನಾನು ಯಾವ ಬಾವಿಗಾದರೂ ಬೀಳುತ್ತಿದ್ದೆ. ಆದರೆ ಅವರು ನನ್ನ ಉತ್ತರಕ್ಕೂ ಕಾದಿರಲಿಲ್ಲ. ಇವತ್ತಿನಿಂದ ಈಕೆಗೆ ಅವ್ವ ಅನ್ನು ಎಂದು ಮಗುವಿಗೆ ಹೇಳಿಕೊಟ್ಟಾಗಿತ್ತು. ಅವಳು ಕಂಬದ ಮರೆಯಲ್ಲಿ ನಿಂತು ನನ್ನನ್ನು ನೋಡಿದಳು. ಅವ್ವಾ ಎನ್ನಲಿಲ್ಲ, ದೊಡ್ಡವ್ವಾ ಎಂದೂ ಎನ್ನಲಿಲ್ಲ. ಬಾ ಎಂದು ಕೈ ಚಾಚಿದರೆ ಹಿಂದಕ್ಕೆ ಸರಿದಳು. ಹೆಂಗಸರು ತಾಯಿಯನ್ನು ಬಿಟ್ಟು ನನ್ನನ್ನು ಹಿಡಿದು ಅತ್ತದ್ದನ್ನು ಅವಳೂ ನೋಡಿದ್ದಳು. ಹೂಂ ಎಂದರೆ ಅವಳ ಅವ್ವನನ್ನು ಎರಡನೇ ಸಲ ಮಣ್ಣು ಮಾಡಿದಂತೆ ಎಂದು ನನಗೆ ಅನಿಸಿದ್ದು ಆಗ.

ನನ್ನಿಂದ ಆಗುವುದಿಲ್ಲ ಎಂದೆ. ತಂಗಿಯ ಗಂಡ ಅಲ್ಲಿಯತನಕ ತಲೆ ತಗ್ಗಿಸಿ ಕೂತಿದ್ದ. ಕೆಟ್ಟ ಮನುಷ್ಯನಲ್ಲ, ಹೆಂಡತಿಯನ್ನು ಕಳೆದುಕೊಂಡು ಸೊರಗಿದ್ದ. ಅವನು ಮೆಲ್ಲಗೆ ಹೇಳಿದ, "ನೀವು ಏನೂ ಮಾಡೋದು ಬ್ಯಾಡ್ರಿ. ಮನ್ಯಾಗ ಆ ಮುಖ ಇದ್ರ ಸಾಕು."

"ಬರೇ ಮುಖ ಬೇಕಿದ್ರ ಗ್ವಾಡಿ ಮ್ಯಾಲ ಫೋಟೋ ಅದಲ್ರಿ," ಎಂದೆ.

ಅಪ್ಪ ಎದ್ದು ಹೊರಗೆ ಹೋದ. ತಂಗಿಯ ಅತ್ತೆ, ಹಾಗಿದ್ದರೆ ಹುಡುಗಿಯ ಆಸೆಯನ್ನೂ ಬಿಟ್ಟುಬಿಡು ಎಂದು ನೆಟ್ಟಗೆ ಹೇಳಿದಳು. ಹೇಳಿದಂತೆಯೇ ನಡೆದಳು.

ವರ್ಷದೊಳಗೆ ತಂಗಿಯ ಗಂಡ ಬೇರೆ ಮದುವೆಯಾದ. ಮನಸ್ಸು ತಡೆಯದೆ ನಾನು ಒಂದು ಭಾನುವಾರ ಸುರಪುರಕ್ಕೆ ಹೋದೆ. ಬಾಗಿಲು ತೆರೆದವಳು ಹೊಸ ಸೊಸೆ. ಒಳಗೆ ದಿನಾ ಹೂ ಏರಿಸುವ ಫೋಟೋದಲ್ಲಿದ್ದವಳು ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದರೆ ಯಾರಿಗೆ ತಾನೇ ಎದೆ ಒಡೆಯುವುದಿಲ್ಲ? ಆ ಸೊಸೆ ಬೆವೆತು ಅಲ್ಲೇ ಕುಸಿದು ಕೂತಳು. ಆಮೇಲೆ ಅವಳ ಅತ್ತೆ, ಸತ್ತಾಕಿ ತಿರುಗಿ ಬಂದಂತೆ ಆಗುತ್ತದೆ, ಈ ಕಡೆ ಬರಬೇಡ ಎಂದು ನನಗೆ ಹೇಳಿ ಕಳಿಸಿದಳು. ಯಾವ ಮುಖವಿಲ್ಲದೆ ಮನೆ ನಡೆಯುವುದಿಲ್ಲ ಎಂದು ಪಂಚಾಯಿತಿ ಕೂಡಿಸಿದ್ದರೋ ಅದೇ ಮುಖ ಈಗ ಅವರಿಗೆ ಪೀಡೆಯಾಗಿತ್ತು. ಎರಡು ಸಲವೂ ನನ್ನನ್ನು ಕೇಳಿದವರಿಲ್ಲ.

ತಂಗಿಯ ಮಗಳನ್ನು ಆಗೀಗ ಯಾರದೋ ಮದುವೆಯಲ್ಲಿ, ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದುಂಟು. ದೂರದಿಂದಲೇ ನೋಡಿ ಮುಖ ತಿರುಗಿಸುತ್ತಿದ್ದಳು. ಬೇರೆಯವರ ಬೈಗುಳ ನನಗೆ ತಾಗುವುದಿಲ್ಲ, ಚಿಕ್ಕಂದಿನಿಂದ ಉಂಡು ಅಭ್ಯಾಸ. ಇದು ತಾಗಿತು. ಊಟ ಸೇರುತ್ತಿರಲಿಲ್ಲ.

ಈಗ ಅವಳು ಯಾದಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯು ಓದುತ್ತಿದ್ದಾಳೆ. ವಿಜ್ಞಾನವನ್ನೇ ತೆಗೆದುಕೊಂಡಿದ್ದಾಳೆಂದು ತಿಳಿದು, ಹಾಸ್ಟೆಲಿಗೆ ಹೋಗಲು ಸುರಪುರದವರ ಅಪ್ಪಣೆ ಬೇಕಿಲ್ಲವೆಂದು ಧೈರ್ಯ ಮಾಡಿ, ರೊಟ್ಟಿ ಶೇಂಗಾಹಿಂಡಿ ಕಟ್ಟಿಕೊಂಡು ಹೋದೆ. ಮೊದಮೊದಲು ಬುತ್ತಿ ಈಸಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಒಂದು ಭಾನುವಾರ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ನನ್ನ ಜೊತೆ ಕೂತಳು. ನನ್ನನ್ನು ನೋಡಿದರೆ ನಿನಗೆ ಸಂಕಟವಾಗುವುದಾದರೆ ಹೇಳು, ಬರುವುದನ್ನು ಬಿಡುತ್ತೇನೆ ಎಂದೆ.

"ಸಿಟ್ಟು ಬರ್ತದ. ನೀ ಬದುಕಿದ್ದೀದಿ ಅಂತ ಸಿಟ್ಟು ಬರ್ತದ," ಎಂದಳು. ಆಮೇಲೆ, "ಆದ್ರ ಬರೋದು ಬಿಡಬ್ಯಾಡ. ಅವ್ವ ಮುದುಕಿ ಆದ್ರ ಹ್ಯಾಂಗ ಕಾಣತಿದ್ಲು ಅಂತ ನೀನ ತೋರಸಬೇಕು. ಮತ್ಯಾರು ತೋರಸ್ತಾರ?" ಎಂದಳು.

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಎದ್ದು ಬರುತ್ತಿದ್ದೆ. ಇವಳೂ ಕೇಳಿದ್ದು ಮುಖವನ್ನೇ. ಆದರೆ ಕೇಳಿದಳು. ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕೇಳಿದರು. ಹೂಂ ಎಂದೆ. ಬಸ್ಸಿನಲ್ಲಿ ಶಹಾಪುರದವರೆಗೂ ಅಳುತ್ತಲೇ ಬಂದೆ, ತಂಗಿ ಸತ್ತಾಗ ಉಳಿದುಹೋಗಿದ್ದ ಅಳುವೂ ಸೇರಿ.

ಅವತ್ತಿನಿಂದ ತಲೆಗೆ ಕಪ್ಪು ಬಣ್ಣ ಹಚ್ಚುವುದನ್ನು ಬಿಟ್ಟೆ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ಬಣ್ಣ ಒಗ್ಗುತ್ತಿಲ್ಲ ಎಂದು ಹೇಳಿದ್ದೇನೆ. ಹೋದ ಭಾನುವಾರ ಅವಳು ನನ್ನ ಬೈತಲೆಯ ಪಕ್ಕದ ಬಿಳಿ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದಳು. ಅವ್ವನಿಗೂ ಮೊದಲು ಇಲ್ಲೇ ಬೆಳ್ಳಗಾಗುತ್ತಿತ್ತೇನು ಎಂದು ಕೇಳಿದಳು. ಜೀನು ಒಂದೇ ಆದರೂ ಕೂದಲು ಯಾವಾಗ, ಎಲ್ಲಿ ನರೆಯುತ್ತದೆಂದು ಖಾತ್ರಿ ಹೇಳಲು ಬರುವುದಿಲ್ಲ. ಇಪ್ಪತ್ತು ವರ್ಷದಿಂದ ನಾನು ಕಲಿಸುತ್ತಿರುವುದು ಅದನ್ನೇ.

"ಹ್ಞೂಂ, ಇಲ್ಲೇ," ಎಂದೆ.