ಪುಂಡರೀಕಾಕ್ಷ ಬಾವನ ಮೂರು ಬ್ಯಾಟರಿ

ನನ್ನ ಅಕ್ಕ ವಿನೋದಾಳ ಗಂಡ ಪುಂಡರೀಕಾಕ್ಷ ಬಾವ ಇಪ್ಪತ್ತೆಂಟು ವರ್ಷಗಳಿಂದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಹೋಟೆಲ್ ನಡೆಸುತ್ತಿದ್ದಾರೆ. ಶಿಫ್ಟ್ ಬಿಟ್ಟು ನುಗ್ಗುವ ಕಾರ್ಖಾನೆಯವರನ್ನು ಏಳು ನಿಮಿಷದಲ್ಲಿ ಉಣಿಸಿ ಎಬ್ಬಿಸುವುದು ಅವರ ಹೆಮ್ಮೆ. ಬೇಗ ಆಗಬೇಕಾದರೆ ಉರಿ ಹೆಚ್ಚಿಸು, ಬಿಸಿ ಹೆಚ್ಚಾದರೆ ಫ್ರಿಜ್ಜಿಗೆ ಹಾಕು. ಇದಿಷ್ಟೇ ಅವರ ವಿಜ್ಞಾನ.

ಮಗಳು ನಿಶ್ಮಿತಾಳ ಮದುವೆ ಗೊತ್ತಾದದ್ದೇ ತಡ, ಡ್ರೋನ್ ತಂದರು. ಧಾರೆಯನ್ನು ಆಕಾಶದಿಂದ ಹಿಡಿಯಬೇಕಂತೆ.

"ಧಾರೆ ಎರೆಯುವವರೂ ನೀವೇ, ಹಾರಿಸುವವರೂ ನೀವೇ. ಹೇಗೆ ಬಾವ?" ಎಂದೆ.

"ಒಮ್ಮೆ ಮೇಲೆ ನಿಲ್ಲಿಸಿದ್ರೆ ಅದು ಅಲ್ಲೇ ನಿಲ್ತದೆ ಮಾರಾಯ. ನಿಂಗೆಂತ ಗೊತ್ತುಂಟು?"

ಕೋಪರಖೈರಣೆಯಲ್ಲಿ ಹದಿನೈದು ವರ್ಷದಿಂದ ಮೊಬೈಲ್ ರಿಪೇರಿ ಮಾಡುವ ನನಗೆ ಏನು ಗೊತ್ತಿರಲು ಸಾಧ್ಯ! ಡ್ರೋನ್ ಬ್ಯಾಟರಿ ಬೇಗ ತುಂಬಲೆಂದು ಅವರು ಠಾಣೆ ಸ್ಟೇಷನ್ ಹೊರಗೆ ನೂರಿಪ್ಪತ್ತು ವಾಟ್‌ನ ಮೊಬೈಲ್ ಚಾರ್ಜರ್ ಕೊಂಡಿದ್ದರು. ನಾನು ಬಿಡಿಸಿ ಹೇಳಿದೆ: ಚಾರ್ಜರೂ ಬ್ಯಾಟರಿಯೂ ಮೊದಲು ಮಾತಾಡಿಕೊಳ್ಳುತ್ತವೆ. ಇದು ಎಷ್ಟು ವೋಲ್ಟ್ ಕೊಡಬಲ್ಲೆ ಎನ್ನುತ್ತದೆ, ಅದು ಎಷ್ಟು ತಾಳಬಲ್ಲೆ ಎನ್ನುತ್ತದೆ. ಇಬ್ಬರ ಭಾಷೆ ಒಂದಾಗದಿದ್ದರೆ ನೂರಿಪ್ಪತ್ತು ವಾಟ್ ಬರೀ ಡಬ್ಬಿಯ ಮೇಲಿನ ಅಕ್ಷರ. ಕರೆಂಟು ಆಮೆಯಂತೆ ಬರುತ್ತದೆ. ಹಾರಿ ಬಂದ ಬ್ಯಾಟರಿ ಕಾದಿರುತ್ತದೆ, ತಣಿಯುವ ತನಕ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಬಾವ ತಲೆಯಾಡಿಸಿದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಮದುವೆ ಟಿಟ್ವಾಳಾ ರಸ್ತೆಯ ಒಂದು ಲಾನ್‌ನಲ್ಲಿ. ಒಂಬತ್ತೂವರೆಗೆ ಗಂಡಿನ ದಿಬ್ಬಣ ಬಂತು. ಬಾವ ಹುರುಪಿನಲ್ಲಿ ದಿಬ್ಬಣ, ಕಾರುಗಳು, ಪಕ್ಕದ ಹೊಲದ ಎಮ್ಮೆ ಎಲ್ಲವನ್ನೂ ಹಿಡಿದು ಹನ್ನೊಂದರೊಳಗೆ ಮೂರೂ ಬ್ಯಾಟರಿ ಖಾಲಿ ಮಾಡಿದರು. ಮುಹೂರ್ತ ಹನ್ನೊಂದು ನಲವತ್ತಕ್ಕೆ. ತಣಿಯಲು ಬಿಟ್ಟು, ಡ್ರೋನಿನ ಜೊತೆ ಬಂದ ಅಸಲಿ ಚಾರ್ಜರ್‌ಗೆ ಹತ್ತು ನಿಮಿಷ ಹಾಕಿದ್ದರೆ ಧಾರೆಗೆ ಸಾಕಾಗುವಷ್ಟು ಆಗುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಅಸಲಿ ಚಾರ್ಜರ್ ಮನೆಯಲ್ಲಿ! ನೂರಿಪ್ಪತ್ತರದ್ದು ಇದೆಯಲ್ಲ ಎಂಬ ಧೈರ್ಯ. ಬ್ಯಾಟರಿ ತಣಿಯಲೆಂದು ಮೂರನ್ನೂ ಐಸ್‌ಕ್ರೀಮಿನ ಫ್ರೀಜರ್‌ಗೆ ಹಾಕಿದರು.

ಅರ್ಧ ಗಂಟೆಯ ನಂತರ ತೆಗೆದರೆ ಅವು ಹೆಪ್ಪುಗಟ್ಟಿದಂತಿದ್ದವು. ಕಾದಾಗ ಒಲ್ಲದಂತೆಯೇ, ಅಷ್ಟು ತಣ್ಣಗಾದಾಗಲೂ ಬ್ಯಾಟರಿ ಚಾರ್ಜ್ ಒಲ್ಲದು. ದೀಪ ಕೆಂಪಗೆ ಮಿನುಗುತ್ತಲೇ ಇತ್ತು. ಬಾವ ಬೆಚ್ಚಗಾಗಲೆಂದು ಒಂದನ್ನು ರೇಷ್ಮೆ ಜುಬ್ಬಾದೊಳಗೆ ಕಂಕುಳಿಗೆ ಸಿಕ್ಕಿಸಿಕೊಂಡು ಅಡುಗೆಯವರ ನಡುವೆ ನಿಂತುಬಿಟ್ಟರು.

"ಬಾವ, ಮಂಟಪಕ್ಕೆ ಕರೀತಿದ್ದಾರೆ."

"ಒಂದೇ ನಿಮಿಷ ಯೋಗೀಶ. ಈಗ ಹಸಿರು ಬರ್ತದೆ."

ನಾನು ಮೂರು ಸಲ ಕರೆದೆ. ಮೂರನೇ ಸಲ ಬೈದೆ ಕೂಡ. ಮುಹೂರ್ತ ಯಾರ ಚಾರ್ಜಿಗೂ ಕಾಯುವುದಿಲ್ಲ. ಹಿರಿಯರು ನನ್ನ ಕೈಗೆ ಗಿಂಡಿ ಕೊಟ್ಟರು, ಸೋದರಮಾವ ಎರೆದರೂ ಸಲ್ಲುತ್ತದೆ ಅಂದರು. ಅಕ್ಕ ನನ್ನ ಪಕ್ಕದಲ್ಲಿ ತುಟಿ ಕಚ್ಚಿ ನಿಂತಿದ್ದಳು. ನಿಶ್ಮಿತಾ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ನೀರು ಬಿಡುವ ಮೊದಲು ನಾನೂ ಒಮ್ಮೆ ಅತ್ತ ನೋಡಿದೆ.

ಊಟದ ಹೊತ್ತಿಗೆ ಡ್ರೋನ್ ಹಾರಿತು. ಬಫೆಯ ಸಾಲು ಬಹಳ ಚೆನ್ನಾಗಿ ಬಂದಿದೆ.

ತಿಂಗಳ ನಂತರ ಆಲ್ಬಮ್ ಬಂತು. ಬಾವ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿದರು.

"ಧಾರೆಯದ್ದು ಒಂದು ನಂಗೆ ದೊಡ್ಡದು ಮಾಡಿಸಿ ಕೊಡು ಮಗಾ. ಹೋಟೆಲ್‌ನಲ್ಲಿ ಹಾಕ್ತೇನೆ."

ನಿಶ್ಮಿತಾ ಮೆಲ್ಲಗೆ ಹಿಂದಿಯಲ್ಲಿ ಹೇಳಿದಳು: "ಪಪ್ಪಾ, ಉಸ್ಮೆ ಆಪ್ ನಹೀ ಹೋ." ಅದರಲ್ಲಿ ನೀವಿಲ್ಲ, ಅಂತ.